ನಾಯಿಮರಿಯ ಕಟಕಟೆ: ಹದಿನಾಲ್ಕು ತಿಂಗಳು ಬಳಸಿದ ಮೇಲೆ ಬರೆದದ್ದು

ಈ ಮಡಚುವ ಪ್ಲೇಪೆನ್, ಅಂದರೆ ಮರಿಯನ್ನು ಒಳಗೆ ಬಿಡುವ ಸರಳಿನ ಆವರಣ, ತಂದ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ಮೂರು ತಿಂಗಳಿಗೆ ಬರೆದಿದ್ದರೆ ಐದಕ್ಕೆ ಐದು. ಈಗ ಹದಿನಾಲ್ಕು ತಿಂಗಳಾಯಿತು, ನಾಲ್ಕು ಕೊಟ್ಟಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಮನೆಯಲ್ಲಿ ತಲೆಹರಟೆ ಮರಿ ಇರುವವರು ಮಾತ್ರ ಪೂರ್ತಿ ಓದಿದರೂ ಸಾಕು.

ನಮ್ಮದು ಹಾಸನದ ವಿದ್ಯಾನಗರ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗ, ಅತ್ತೆ. 2024ರ ಜೂನ್‌ನಲ್ಲಿ ಒಂಬತ್ತು ವಾರದ ಮಿನಿಯೇಚರ್ ಪಿನ್ಷರ್ ಮರಿ ತಂದೆವು. ಕಪ್ಪು ಮೈ, ಹುಬ್ಬಿನ ಮೇಲೆ ಎರಡು ಕಂದು ಚುಕ್ಕಿ. ಕಾದ ಎಣ್ಣೆಗೆ ಬಿದ್ದ ಹಾಗೆ ಸಿಡಿಯುತ್ತೆ ಅಂತ ಮಗ ಸಾಸಿವೆ ಅಂತಲೇ ಹೆಸರಿಟ್ಟ. ನೋಡಿದವರೆಲ್ಲ "ಡಾಬರ್‌ಮನ್ ಮರಿನಾ?" ಅಂತ ಕೇಳುತ್ತಾರೆ. ಅಲ್ಲ. ಡಾಬರ್‌ಮನ್ ತಳಿ ಹುಟ್ಟುವ ಮೊದಲೇ ಜರ್ಮನಿಯಲ್ಲಿ ಇಲಿ ಹಿಡಿಯೋಕೆ ಸಾಕುತ್ತಿದ್ದ ನಾಯಿ ಇದು. ಪೂರ್ತಿ ಬೆಳೆದರೂ ಭುಜದ ಹತ್ತಿರ ಹನ್ನೆರಡೂವರೆ ಇಂಚು ದಾಟುವುದಿಲ್ಲ. ನಮ್ಮ ಮನೆಯಲ್ಲಿ ಇಲಿ ಇಲ್ಲ. ಅದಕ್ಕೇ ಅತ್ತೆಯ ಸೆರಗು, ಮಗನ ಸಾಕ್ಸು, ಬಾಗಿಲ ಪರದೆ ಎಲ್ಲವೂ ಅದರ ಲೆಕ್ಕದಲ್ಲಿ ಇಲಿಗಳೇ.

ಸಂಜೆ ಏಳು ಗಂಟೆ ಅಂದರೆ ನಮಗೆಲ್ಲ ನಡುಕ. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಸಾಸಿವೆಗೆ ಮೈಮೇಲೆ ಏನೋ ಬಂದ ಹಾಗಾಗುತ್ತಿತ್ತು. ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲ್, ಸೋಫಾ ಮೇಲೆ, ಸೋಫಾ ಕೆಳಗೆ. ರೆಡ್ ಆಕ್ಸೈಡ್ ನೆಲದಲ್ಲಿ ತಿರುಗುವಾಗ ಜಾರಿ ಗೋಡೆಗೆ ಬಡಿದುಕೊಳ್ಳುವುದು, ಎದ್ದು ಮತ್ತೆ ಓಡುವುದು. ಹಿಡಿಯೋಕೆ ಹೋದವರ ಕೈಗೆ ಸೂಜಿಯಂಥ ಹಾಲುಹಲ್ಲು. ಮಗನ ಮುಂಗೈ ನೋಡಿ ಅವನ ಕ್ಲಾಸ್ ಟೀಚರ್ "ಯಾವ ಬೇಲಿ ಹಾರಿದ್ಯೋ?" ಅಂದರಂತೆ.

ಮೈಯಲ್ಲಿ ಶಕ್ತಿ ಜಾಸ್ತಿ, ಓಡಿಸಿ ಸುಸ್ತು ಮಾಡಿದರೆ ತಾನೇ ಮಲಗುತ್ತೆ ಅಂದುಕೊಂಡೆವು. ಲಸಿಕೆ ಮುಗಿಯುವ ತನಕ ಬೀದಿಗೆ ಇಳಿಸುವ ಹಾಗಿಲ್ಲ, ಮರಿಗಳ ಜೀವ ತೆಗೆಯುವ ಪಾರ್ವೋ ವೈರಸ್ ಭಯ. ಹೊರಗೆ ಸೋನೆ ಮಳೆ ಬೇರೆ. ಹಾಗಾಗಿ ಹಾಲ್‌ನಲ್ಲೇ ಚೆಂಡಾಟ. ಮೊದಲು ದಿನಕ್ಕೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಸುಸ್ತಾಗಿದ್ದು ನಾವು. ಮರಿಗೆ ಹತ್ತು ದಿನದಲ್ಲಿ ಇನ್ನಷ್ಟು ಕಸುವು ಬಂತು, ಕಚ್ಚಾಟವೂ ಜಾಸ್ತಿಯಾಯಿತು.

ನಡುವೆ ಮನೆಗೆ ಬಂದು ತರಬೇತಿ ಕೊಡುತ್ತೇನೆ ಅಂದವರೊಬ್ಬರು ಬಂದರು. ಚೀಲದಿಂದ ಚೋಕ್ ಚೈನ್ ತೆಗೆದರು, ಎಳೆದರೆ ಕತ್ತು ಬಿಗಿಯುವ ಸರಪಳಿ ಅದು. ಒಂದೂವರೆ ಕೆಜಿ ಮರಿಗೆ! ಇಷ್ಟು ಚಿಕ್ಕ ಜಾತಿಯ ನಾಯಿಗಳ ಗಂಟಲು ನಾಳ ಮೊದಲೇ ಸೂಕ್ಷ್ಮ. ನೆಲಕ್ಕೆ ಒತ್ತಿ ಮಲಗಿಸಿ, ಯಜಮಾನ ಯಾರು ಅಂತ ಗೊತ್ತಾಗಬೇಕು ಅಂದರು. ಮರಿ ಉಚ್ಚೆ ಹೊಯ್ದುಕೊಂಡಿತು. ಎರಡನೇ ದಿನ ಬರಬೇಡಿ ಅಂದೆ. ಕೊಟ್ಟ ಮುಂಗಡ ಹೋಯಿತು, ಹೋಗಲಿ.

ದಾರಿ ಸಿಕ್ಕಿದ್ದು ಲಸಿಕೆ ಹಾಕಿಸೋಕೆ ಹೋದಾಗ. ಡಾಕ್ಟರು ನನ್ನ ಗೀರು ಬಿದ್ದ ಕೈ ನೋಡಿ, ದಿನಕ್ಕೆ ಎಷ್ಟು ಹೊತ್ತು ಮಲಗುತ್ತೆ ಅಂತ ಕೇಳಿದರು. ಲೆಕ್ಕ ಹಾಕಿದೆವು. ರಾತ್ರಿ ಏಳು ಗಂಟೆ, ಹಗಲು ಅಲ್ಲಿಷ್ಟು ಇಲ್ಲಿಷ್ಟು ಸೇರಿ ಮೂರು. ಆ ವಯಸ್ಸಿನ ಮರಿಗೆ 18ರಿಂದ 20 ಗಂಟೆ ನಿದ್ದೆ ಬೇಕಂತೆ. ನಮ್ಮದಕ್ಕೆ ಸಿಗುತ್ತಿದ್ದದ್ದು ಅದರಲ್ಲಿ ಹೆಚ್ಚುಕಡಿಮೆ ಅರ್ಧ. ಒಬ್ಬರು ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುವುದು, ಕಣ್ಣು ಮುಚ್ಚಿದರೆ ಕುಕ್ಕರ್ ಕೂಗುವುದು, ಪಕ್ಕದ ಮನೆ ಮಕ್ಕಳು ನೋಡೋಕೆ ಬರುವುದು. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿಯುತ್ತಲ್ಲ, ಸಂಜೆ ಏಳರ ಆಟವೂ ಅದೇ. ಆ ದಿನ ರಾತ್ರಿಯೇ ಈ ಪ್ಲೇಪೆನ್ ಆರ್ಡರ್ ಮಾಡಿದೆ.

ಎಂಟು ಫಲಕ, ಒಂದೊಂದೂ ಎರಡು ಅಡಿ ಅಗಲ, 24 ಇಂಚು ಎತ್ತರ, ಕಪ್ಪು ಬಣ್ಣ ಹಾಕಿದ ಕಬ್ಬಿಣದ ಸರಳು. ನಾನು ಕೊಟ್ಟಿದ್ದು 2,600 ರೂಪಾಯಿ. ಫಲಕಗಳನ್ನು ಸೇರಿಸೋಕೆ ಉದ್ದನೆಯ ಕಡ್ಡಿ ಕೊಟ್ಟಿದ್ದಾರೆ, ಮೇಲಿಂದ ಇಳಿಬಿಟ್ಟರೆ ಆಯಿತು, ಸ್ಪ್ಯಾನರ್ ಬೇಡ. ಚೌಕವಾಗಿ ನಿಲ್ಲಿಸಿದರೆ 16 ಚದರ ಅಡಿ ಜಾಗ ಸಿಗುತ್ತೆ. ಎಂಟು ಮೂಲೆ ಬರುವ ಹಾಗೆ ನಿಲ್ಲಿಸಿದರೆ 19 ದಾಟುತ್ತೆ, ಜೊತೆಗೆ ಅಲ್ಲಾಡುವುದೂ ಕಡಿಮೆ.

ಅತ್ತೆ ನೋಡಿದವರೇ "ಏನ್ ಕಣಮ್ಮ, ಮರಿನ ಜೈಲಿಗೆ ಹಾಕ್ತೀಯಾ?" ಅಂದರು. ಅವರ ಊರಲ್ಲಿ ಕೋಳಿಮರಿಗಳ ಮೇಲೆ ಮಂಕರಿ ಮುಚ್ಚುತ್ತಿದ್ದದ್ದು ನೆನಪಿಸಿದೆ. "ಅದು ಹದ್ದು ಎತ್ಕೊಂಡು ಹೋಗ್ದೆ ಇರ್ಲಿ ಅಂತ. ಇಲ್ಲಿ ಯಾವ ಹದ್ದು ಬರುತ್ತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರಿ ಎರಡು ಕಾಲು ಸರಳಿನ ಮೇಲಿಟ್ಟು ಆಪಾದಿತನ ತರ ನಿಲ್ಲುತ್ತಿತ್ತು. ಹಾಗಾಗಿ ಮನೆಯಲ್ಲಿ ಅದಕ್ಕೆ ಕಟಕಟೆ ಅಂತಲೇ ಹೆಸರಾಯಿತು.

ಮೊದಲ ವಾರ ನಾವು ಮಾಡಿದ್ದು ಪೂರ್ತಿ ತಪ್ಪು. ತಲೆಕೆಟ್ಟಾಗ ಎತ್ತಿ ಒಳಗೆ ಹಾಕುತ್ತಿದ್ದೆವು. ಕಟಕಟೆ ಅಂದರೆ ಶಿಕ್ಷೆ ಅಂತ ಅದಕ್ಕೆ ಎರಡೇ ದಿನದಲ್ಲಿ ತಿಳಿಯಿತು. ಕಿರುಚಾಟಕ್ಕೆ ಎದುರುಮನೆಯವರು ಗೇಟಿಗೆ ಬಂದು ನಿಂತರು. ಒಂದು ಸ್ಟಾರ್‌ನ ವಾರ ಅದು.

ಆಮೇಲೆ ಎಲ್ಲ ತಿರುಗುಮುರುಗು ಮಾಡಿದೆವು. ಬಾಗಿಲು ಯಾವಾಗಲೂ ತೆಗೆದೇ ಇಟ್ಟೆವು. ತಟ್ಟೆ, ನೀರು, ಹಳೇ ಕೌದಿ ಮಡಚಿದ ಹಾಸಿಗೆ ಎಲ್ಲ ಒಳಗೆ. ಊಟ ಅಲ್ಲೇ. ತಾನಾಗಿ ಒಳಗೆ ಹೋದಾಗೆಲ್ಲ ನಾಯಿ ಆಹಾರದ ಒಂದೆರಡು ಕಾಳು ಕೌದಿ ಮೇಲೆ ಬೀಳುತ್ತಿತ್ತು. ನಾಲ್ಕನೇ ದಿನದಿಂದ ಬಾಗಿಲು ಒಂದು ನಿಮಿಷ ಹಾಕುವುದು, ನಾನು ಪಕ್ಕದಲ್ಲೇ ಕೂರುವುದು. ಆಮೇಲೆ ಐದು ನಿಮಿಷ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ತಿಂಡಿ, ಮಾತು, ಬಾಗಿಲು. ಸರಳಿಗೆ ನೆಗೆದರೆ ಮುಖ ತಿರುಗಿಸಿ ನಿಲ್ಲುವುದು, ಬೈಗುಳವಿಲ್ಲ. ಮನೆಗೆ ಬಂದವರ ಮೇಲೆ ನೆಗೆಯುವುದನ್ನೂ ಇದೇ ಬಿಡಿಸಿತು. ಅದನ್ನು ಕಲಿಸಬೇಕು ಅಂತ ನಾವು ಅಂದುಕೊಂಡೇ ಇರಲಿಲ್ಲ.

ವೇಳಾಪಟ್ಟಿ ಸರಳ. ಒಂದು ಗಂಟೆ ಎಚ್ಚರ, ಎರಡು ಗಂಟೆ ಕಟಕಟೆ. ಎಚ್ಚರದ ಗಂಟೆಯಲ್ಲಿ ಚೆಂಡು ಹತ್ತೇ ನಿಮಿಷ. ಉಳಿದದ್ದು ಮೂಸುವ ಕೆಲಸ. ಹಳೇ ಟವೆಲ್ ಸುರುಳಿ ಸುತ್ತಿ ಒಳಗೆ ಅದರ ಊಟದ ಕಾಳು ಬಚ್ಚಿಡುತ್ತಿದ್ದೆವು. ಮಗ ಬಚ್ಚಿಡುವುದರಲ್ಲಿ ಪ್ರವೀಣನಾದ. ಹತ್ತು ನಿಮಿಷ ಮೂಸಿದರೆ ಅದಕ್ಕೆ ಆಗುವ ದಣಿವು ಅರ್ಧ ಗಂಟೆ ಓಡಿದರೂ ಆಗುತ್ತಿರಲಿಲ್ಲ.

ಇನ್ನೊಂದು, ರಾಗಿ ಮುದ್ದೆ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆ ಸಿಗುತ್ತಲ್ಲ, ಅದಕ್ಕೆ ಪೀನಟ್ ಬಟರ್ ತುಂಬಿ ಅಂತ ಎಲ್ಲರೂ ಹೇಳುತ್ತಾರೆ. ಹುಷಾರು. ಕೆಲವು ಪೀನಟ್ ಬಟರ್‌ಗಳಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿ ಹಾಕಿರುತ್ತಾರೆ, ಅದು ನಾಯಿಗೆ ವಿಷ. ನಾವು ಉಪ್ಪು ಹಾಕದ ಮುದ್ದೆಗೆ ಒಂದು ಚಮಚ ಮೊಸರು ಕಲಸಿ, ಒತ್ತಿ ತುಂಬಿ, ಫ್ರೀಜರ್‌ನಲ್ಲಿ ಇಡುತ್ತೇವೆ. ಮುದ್ದೆ ಅಂಟುತ್ತೆ, ನೆಕ್ಕಿದಷ್ಟೂ ಮುಗಿಯುವುದಿಲ್ಲ. ಸಾಸಿವೆ ಮುಂಗಾಲಲ್ಲಿ ಅದನ್ನು ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನಾಲಿಗೆ ಪೂರ್ತಿ ಒಳಗೆ ಹಾಕಿ ಕೆದಕುವುದನ್ನು ನೋಡಬೇಕು. ಇಪ್ಪತ್ತು ನಿಮಿಷಕ್ಕೆ ನಾಲಿಗೆ ನಿಧಾನ ಆಗುತ್ತೆ. ಆಮೇಲೆ ಗಲ್ಲ ಆಟಿಕೆ ಮೇಲೆ. ಆಮೇಲೆ ಗೊರಕೆ. ಸಾರು ಬೆರೆಸಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲ. ಹಲ್ಲು ಬೀಳುವ ಕಾಲದಲ್ಲಿ, ಅಂದರೆ ನಾಲ್ಕರಿಂದ ಏಳು ತಿಂಗಳ ನಡುವೆ, ಈ ತಣ್ಣನೆ ಮುದ್ದೆ ಸೋಫಾ ಕಾಲುಗಳನ್ನು ಉಳಿಸಿತು.

ಮೂರನೇ ವಾರದ ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಂದೆ. ಅತ್ತೆ ಕಟಕಟೆ ಪಕ್ಕ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಸಾಸಿವೆ ಅವರ ಸೊಂಟಕ್ಕೆ ತಾಗುವ ಹಾಗೆ ಸರಳಿಗೆ ಬೆನ್ನು ಒರಗಿಸಿ ಮಲಗಿತ್ತು. ನಾನು ಚಪ್ಪಲಿ ಬಿಡುವ ಸದ್ದಿಗೆ ಅತ್ತೆ ಬಾಯಿ ಮೇಲೆ ಬೆರಳಿಟ್ಟು "ಶ್, ಈಗ ತಾನೇ ಮಲಗಿದೆ" ಅಂದರು. ಜೈಲಿನ ಮಾತು ಅಲ್ಲಿಗೆ ಮುಗಿಯಿತು. ಆ ತಿಂಗಳ ಕೊನೆಗೆ ಸಂಜೆ ಏಳರ ಓಟ ಐದು ನಿಮಿಷಕ್ಕೆ ಇಳಿದಿತ್ತು.

ದೊಡ್ಡ ಪರೀಕ್ಷೆ ಬಂದದ್ದು ಹಾಸನಾಂಬೆ ಬಾಗಿಲು ತೆಗೆದಾಗ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಕೆಲವೇ ದಿನ ದರ್ಶನ, ಹಾಸನದವರಿಗೆ ಗೊತ್ತಲ್ಲ, ಮರೆತುಹೋದ ನೆಂಟರೂ ಆಗ ನೆನಪಾಗುತ್ತಾರೆ. ಮನೆಯಲ್ಲಿ ಹನ್ನೊಂದು ಜನ, ಹೊರಗೆ ದೀಪಾವಳಿ ಪಟಾಕಿ. ಕಟಕಟೆಯನ್ನು ಒಳಕೋಣೆಗೆ ಸಾಗಿಸಿ, ಮೂರು ಕಡೆ ದಪ್ಪ ಬೆಡ್‌ಶೀಟ್ ಇಳಿಬಿಟ್ಟು, ಫ್ಯಾನ್ ಜೋರಾಗಿ ಹಾಕಿದೆವು. ಪಟಾಕಿ ಸದ್ದಿಗೆ ನಡುಗಿದ್ದು ನಿಜ, ಆದರೆ ಓಡಿಹೋಗಲು ನೋಡಲಿಲ್ಲ. ಕೌದಿ ಒಳಗೆ ಮೂಗು ತೂರಿಸಿ ಮಲಗಿತ್ತು, ಮಗ ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಾ ಕೂತ. ನೆಂಟರ ಮಕ್ಕಳಿಗೆ ಬಾಗಿಲಲ್ಲೇ ತಡೆ. ಈ ಮೂರ್ನಾಲ್ಕು ದಿನಕ್ಕೇ ಕೊಟ್ಟ ದುಡ್ಡು ಬಂತು ಅನ್ನಿಸಿತು.

ಇನ್ನು ಆ ಕಳೆದ ಸ್ಟಾರ್. 24 ಇಂಚು ಸಾಲದು. ಪ್ಯಾಕೆಟ್ ಮೇಲೆ ಚಿಕ್ಕ ಜಾತಿಯ ನಾಯಿಗಳಿಗೆ ಅಂತ ಬರೆದಿದೆ. ಐದನೇ ತಿಂಗಳಲ್ಲಿ ಸಾಸಿವೆ ಅಡ್ಡ ಸರಳನ್ನು ಏಣಿ ಮಾಡಿಕೊಂಡು ಹತ್ತಿ, ಆಚೆ ಕಡೆಗೆ ತಲೆಕೆಳಗಾಗಿ ಬಿತ್ತು. ಎರಡು ದಿನ ಕುಂಟಿತು, ಅಷ್ಟೇ. ಆದರೆ ಈ ಜಾತಿಯ ಮುಂಗಾಲು ಮೂಳೆ ಕಡ್ಡಿಯಷ್ಟು ಸಣ್ಣ, ಸೋಫಾದಿಂದ ಹಾರಿ ಮುರಿದುಕೊಳ್ಳುವ ಮರಿಗಳೂ ಇವೆ. ನನ್ನ ಎದೆ ಒಡೆದುಹೋಗಿತ್ತು. ಪಿನ್ಷರ್, ಜಾಕ್ ರಸೆಲ್ ಥರದ ನೆಗೆಯುವ ಮರಿಗಳಿದ್ದರೆ 36 ಇಂಚಿನದನ್ನೇ ತಗೊಳ್ಳಿ. ಶಿಟ್ಸು, ಪಗ್ ಇದ್ದವರಿಗೆ ಇದು ನಡೆಯಬಹುದು.

ಮತ್ತೆ ತುಕ್ಕು. ಒಂದು ಮಳೆಗಾಲ ಕಳೆದು, ದಿನಾ ನೆಲ ಒರೆಸಿದ ಮೇಲೆ, ಕಾಲಿನ ತುದಿಯಲ್ಲಿ ಬಣ್ಣ ಎದ್ದು ತುಕ್ಕು ಹಿಡಿಯಿತು, ನೆಲದಲ್ಲಿ ಕಲೆ. ನುಣುಪು ನೆಲದ ಮೇಲೆ ಮರಿ ತಳ್ಳಿದರೆ ಇಡೀ ಕಟಕಟೆ ಜಾರುತ್ತಾ ಟಿವಿ ತನಕ ಹೋಗುತ್ತಿತ್ತು. ಎರಡಕ್ಕೂ ಒಂದೇ ಮದ್ದು: ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು ತುಂಡು ಮಾಡಿ ಪ್ರತಿ ಕಾಲಿಗೂ ಸುತ್ತಿದೆವು. ಸೇರಿಸುವ ಕಡ್ಡಿ ಒಂದು ಕಳೆದುಹೋಯಿತು. ಬಿಡಿಯಾಗಿ ಬೇಕು ಅಂತ ಮಾರಿದವರಿಗೆ ಮೂರು ಸಲ ಮೆಸೇಜ್ ಹಾಕಿದೆ, ಉತ್ತರ ಇಲ್ಲ. ಗ್ಯಾರೇಜಿನ ಹುಡುಗ ಸರಳು ಬಗ್ಗಿಸಿ ಮಾಡಿಕೊಟ್ಟ.

ಒಂದು ಮಾತು. ನಮ್ಮ ಮನೆಯಲ್ಲಿ ಹಗಲು ಅತ್ತೆ ಇದ್ದರು. ಬೆಳಗ್ಗೆ ಒಂಬತ್ತಕ್ಕೆ ಕೂಡಿ ಹಾಕಿ ಸಂಜೆ ಆರಕ್ಕೆ ಬರುವವರು ಇದನ್ನು ತಗೊಳ್ಳಬೇಡಿ, ಮರಿಯನ್ನೂ ತಗೊಳ್ಳಬೇಡಿ. ಎರಡು ಮೂರು ತಿಂಗಳ ಮರಿ ಮೂರ್ನಾಲ್ಕು ಗಂಟೆ ಮೇಲೆ ಉಚ್ಚೆ ಕಟ್ಟಿಕೊಳ್ಳಲಾರದು.

ಹತ್ತನೇ ತಿಂಗಳಿಂದ ಒಂದೊಂದೇ ಫಲಕ ತೆಗೆಯುತ್ತಾ ಬಂದೆವು. ಕೌದಿ ಮಾತ್ರ ಅದೇ ಜಾಗದಲ್ಲಿ. ಈಗ "ಸಾಸಿವೆ, ಕೌದಿ" ಅಂದರೆ ಹೋಗಿ ಮಲಗುತ್ತೆ, ಸುತ್ತ ಏನೂ ಬೇಕಿಲ್ಲ. ಅಮೇಜಿಂಗ್ ಅಂತೇನೂ ಅಲ್ಲ, ಹಾಲಿನವನು ಬಂದರೆ ಈಗಲೂ ಎದ್ದು ಓಡುತ್ತೆ. ಕೊರಳಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿ ಬೆಳಗ್ಗೆ ಮಹಾರಾಜ ಪಾರ್ಕ್ ಕಡೆ ಕರೆದುಕೊಂಡು ಹೋಗುತ್ತೇವೆ, ನಡೆಯುವುದಕ್ಕಿಂತ ಮೂಸುವುದೇ ಜಾಸ್ತಿ. ಮೂಸಲಿ ಅಂತ ಬಿಡುತ್ತೇವೆ.

ಎಂಟರಲ್ಲಿ ನಾಲ್ಕು ಫಲಕ ಬಾಗಿಲ ಹಿಂದೆ ಮಡಚಿಟ್ಟಿದೆ, ನೆಂಟರು ಬಂದಾಗ ಬೇಕಾಗುತ್ತೆ. ಉಳಿದ ನಾಲ್ಕನ್ನು ಅತ್ತೆ ಹಿತ್ತಲಿಗೆ ಒಯ್ದಿದ್ದಾರೆ. ಹೊಸದಾಗಿ ನೆಟ್ಟ ಕರಿಬೇವಿನ ಸಸಿಯ ಬುಡವನ್ನು ನಮ್ಮ ಮರಿ ದಿನಾ ಕೆದರುತ್ತಿತ್ತು. ಈಗ ಕರಿಬೇವು ಕಟಕಟೆ ಒಳಗಿದೆ, ಸಾಸಿವೆ ಹೊರಗಿದೆ.