ರಕ್ಷಣೆ, ಸತ್ಕ್ರಿಯೆ, ಪ್ರತಿಫಲ: ಒಂದು ಆನ್‌ಲೈನ್ ಬೈಬಲ್ ಪಾಠಮಾಲೆಯ ವಿಮರ್ಶೆ

ಪರಲೋಕದ ಪ್ರತಿಫಲದ ವಿಷಯವನ್ನು ಬೋಧಿಸುವವರಲ್ಲಿ ಕೆಲವರು, ರಕ್ಷಣೆಯು, ಅಂದರೆ ಪಾಪದಿಂದ ಬಿಡುಗಡೆಯು, ದೇವರ ಕೃಪೆಯಿಂದಲೇ ದೊರೆಯುತ್ತದೆ ಎಂಬ ಬೋಧನೆಗೆ ಎಲ್ಲಿ ಕುಂದು ಬಂದೀತೋ ಎಂಬ ಭಯದಿಂದ, ಪ್ರತಿಫಲದ ಮಾತನ್ನೇ ಎತ್ತುವುದಿಲ್ಲ. ಇನ್ನು ಕೆಲವರು ಪ್ರತಿಫಲದ ಆಸೆ ತೋರಿಸಿ ಜನರನ್ನು ದಾನಕ್ಕೂ ಸೇವೆಗೂ ಹುರಿದುಂಬಿಸುವ ಭರದಲ್ಲಿ ಕೃಪೆಯನ್ನೇ ಮರೆಸಿಬಿಡುತ್ತಾರೆ. ನಾನು ಇತ್ತೀಚೆಗೆ ಪೂರ್ತಿಯಾಗಿ ಕೇಳಿ ಮುಗಿಸಿದ ಪಾಠಮಾಲೆಯೊಂದು ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದು ಕಲಿಸಲು ಹೊರಟಿದೆ. ಅದರಲ್ಲಿ 12 ಪಾಠಗಳಿವೆ. ಪ್ರತಿ ಪಾಠಕ್ಕೂ ಧ್ವನಿಮುದ್ರಿತ ಉಪನ್ಯಾಸ, ಬರಹದ ಟಿಪ್ಪಣಿ, ಪ್ರಶ್ನಾವಳಿ ಹಾಗೂ ಬೋಧಕರಿಗೆ ಸಂದೇಹ ಬರೆದು ಕಳುಹಿಸುವ ಸೌಲಭ್ಯವಿದೆ. ಇದೇ ಮಾದರಿಯ ಪಾಠಮಾಲೆಗಳು ಹಲವು ಇರುವುದರಿಂದ ಮತ್ತು ನಾನು ಎತ್ತುವ ಪ್ರಶ್ನೆಗಳು ಅವೆಲ್ಲಕ್ಕೂ ಅನ್ವಯಿಸುವುದರಿಂದ ಇದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲ ಭಾಗವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ 8 ಮತ್ತು 9ನೆಯ ವಚನಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು ಬಹಳ ಮಂದಿ ಇದ್ದಾರೆ: ರಕ್ಷಣೆಯಾದದ್ದು ಕೃಪೆಯಿಂದ, ನಂಬಿಕೆಯ ಮೂಲಕ, ಅದು ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ, ಆದ್ದರಿಂದ ಹೊಗಳಿಕೊಳ್ಳಲು ಯಾರಿಗೂ ಆಸ್ಪದವಿಲ್ಲ. ಆದರೆ 10ನೆಯ ವಚನವನ್ನು ಅದೇ ಉಸಿರಿನಲ್ಲಿ ಓದುವವರು ಕಡಿಮೆ. ದೇವರು ಮೊದಲೇ ಸಿದ್ಧಪಡಿಸಿದ ಸತ್ಕ್ರಿಯೆಗಳಲ್ಲಿ ನಡೆಯುವುದಕ್ಕಾಗಿಯೇ ನಾವು ಕ್ರಿಸ್ತ ಯೇಸುವಿನಲ್ಲಿ ಸೃಷ್ಟಿಸಲ್ಪಟ್ಟೆವು ಎಂದು ಆ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ಅಲ್ಲಿ ಹೇಳುತ್ತಾನೆ. ಈ ಮೂರು ವಚನಗಳನ್ನು ಬಿಡಿಸದೆ ಓದಿದರೆ ಸತ್ಕ್ರಿಯೆಯ ಸ್ಥಾನ ತಾನಾಗಿ ತಿಳಿಯುತ್ತದೆ. ಅದು ರಕ್ಷಣೆಗೆ ಕಾರಣವಲ್ಲ, ರಕ್ಷಣೆಯ ಉದ್ದೇಶಗಳಲ್ಲಿ ಒಂದು. ಮೊದಲ ಎರಡು ಪಾಠಗಳು ಇಷ್ಟನ್ನೇ ಆತುರವಿಲ್ಲದೆ, ಪದೇ ಪದೇ ಮೂಲವಚನಕ್ಕೆ ಮರಳುತ್ತ ಕಲಿಸುತ್ತವೆ.

ಇಡೀ ಪಾಠಮಾಲೆಯಲ್ಲಿ ಅತ್ಯುತ್ತಮವಾದದ್ದು ಪೌಲನನ್ನೂ, ಹೊಸ ಒಡಂಬಡಿಕೆಯಲ್ಲಿ ತನ್ನ ಹೆಸರಿನ ಪತ್ರಿಕೆಯಿರುವ ಯಾಕೋಬನನ್ನೂ ಎದುರುಬದುರು ಕೂರಿಸಿ ಓದುವ ನಾಲ್ಕನೆಯ ಪಾಠ. ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುವುದು ನಂಬಿಕೆಯಿಂದಲೇ, ನೇಮನಿಷ್ಠೆಗಳಿಂದಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 3:28 ಹೇಳಿದರೆ, ಕ್ರಿಯೆಗಳಿಂದಲೇ ಹೊರತು ನಂಬಿಕೆ ಮಾತ್ರದಿಂದ ಅಲ್ಲ ಎಂದು ಯಾಕೋಬನ ಪತ್ರಿಕೆಯ 2:24 ಹೇಳುತ್ತದೆ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಆದರೆ ಪೌಲನು ಆಧಾರವಾಗಿ ಹಿಡಿಯುವುದು ಆದಿಕಾಂಡ 15ನೆಯ ಅಧ್ಯಾಯದಲ್ಲಿ ಅಬ್ರಹಾಮನು ದೇವರ ವಾಗ್ದಾನವನ್ನು ನಂಬಿದ ಸಂದರ್ಭವನ್ನು; ಯಾಕೋಬನು ನೆನಪಿಸುವುದು 22ನೆಯ ಅಧ್ಯಾಯದಲ್ಲಿ ಅವನು ಇಸಾಕನನ್ನು ಯಜ್ಞವೇದಿಯ ಮೇಲೆ ಒಪ್ಪಿಸಿದ, ಎಷ್ಟೋ ವರ್ಷಗಳ ನಂತರದ ಸಂದರ್ಭವನ್ನು. ಬೋಧಕರು ಈ ಕಾಲಾಂತರವನ್ನು ಎತ್ತಿ ತೋರಿಸಿ, ಯಾಕೋಬನ ಎದುರಾಳಿ ಯಾರು ಎಂದು ಕೇಳುತ್ತಾರೆ. ಬಟ್ಟೆಯಿಲ್ಲದೆ, ದಿನದ ಆಹಾರವಿಲ್ಲದೆ ನಿಂತ ಸಹೋದರನಿಗೆ ಸಮಾಧಾನದಿಂದ ಹೋಗು ಎಂದು ಬರಿಯ ಮಾತಿನಲ್ಲಿ ಹರಸಿ ಕಳುಹಿಸುವವನೇ ಅವನು. ಅಂಥವನ ನಂಬಿಕೆಗೂ, ದೇವರೊಬ್ಬನೇ ಎಂದು ನಂಬಿ ನಡುಗುವ ದೆವ್ವಗಳ ನಂಬಿಕೆಗೂ ವ್ಯತ್ಯಾಸವೇನು ಎಂಬುದು ಯಾಕೋಬನ ಪ್ರಶ್ನೆ. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಇತರ ಪತ್ರಿಕೆಗಳ ಮುಂದೆ ಹುಲ್ಲಿಗೆ ಸಮಾನವೆಂದು ಬರೆದದ್ದನ್ನು ಬೋಧಕರು ಮುಚ್ಚಿಡುವುದಿಲ್ಲ. ಅದೇ ಲೂಥರ್ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ, ನಂಬಿಕೆಯೆಂಬುದು ಸದಾ ಚಟುವಟಿಕೆಯಿಂದಿರುವ ಜೀವಂತ ಸಂಗತಿ, ಒಳ್ಳೆಯದನ್ನು ಮಾಡದೆ ಇರಲು ಅದಕ್ಕೆ ಸಾಧ್ಯವಿಲ್ಲ ಎಂಬ ಅಭಿಪ್ರಾಯವನ್ನು ಕೊಟ್ಟದ್ದನ್ನೂ ಪಕ್ಕದಲ್ಲೇ ಇಡುತ್ತಾರೆ. ಇಷ್ಟು ಪ್ರಾಮಾಣಿಕವಾಗಿ ಈ ವಿಷಯವನ್ನು ನಿರ್ವಹಿಸಿದ ಪಾಠವನ್ನು ನಾನು ಹೆಚ್ಚು ಕೇಳಿಲ್ಲ.

ಪ್ರತಿಫಲದ ಚರ್ಚೆ ಆರನೆಯ ಪಾಠದಿಂದ ಆರಂಭವಾಗುತ್ತದೆ, ಅದೂ ಒಳ್ಳೆಯ ಸ್ಥಳದಿಂದಲೇ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಯೇಸು ಕ್ರಿಸ್ತನೆಂಬ ಒಂದೇ ಅಸ್ತಿವಾರದ ಮೇಲೆ ಕೆಲವರು ಚಿನ್ನ, ಬೆಳ್ಳಿ, ರತ್ನಗಳಿಂದಲೂ ಕೆಲವರು ಕಟ್ಟಿಗೆ, ಹುಲ್ಲು, ಆಪುಗಳಿಂದಲೂ ಕಟ್ಟುತ್ತಾರೆ. ಬೆಂಕಿಯು ಪ್ರತಿಯೊಬ್ಬನ ಕೆಲಸವನ್ನು ಪರೀಕ್ಷಿಸುತ್ತದೆ. ಕೆಲಸ ಸುಟ್ಟುಹೋದವನು ನಷ್ಟಪಡುತ್ತಾನೆ, ತಾನಾದರೋ ಬೆಂಕಿಯೊಳಗಿನಿಂದ ತಪ್ಪಿಸಿಕೊಂಡವನಂತೆ ರಕ್ಷಣೆ ಹೊಂದುತ್ತಾನೆ. ರಕ್ಷಣೆಯೂ ಪ್ರತಿಫಲವೂ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಚನವಿಲ್ಲ. ಪೌಲನು ಇಲ್ಲಿ ಮುಖ್ಯವಾಗಿ ತಾನು ಮತ್ತು ಅಪೊಲ್ಲೋಸನಂತೆ ಸಭೆಯನ್ನು ಕಟ್ಟುವವರ ವಿಷಯ ಹೇಳುತ್ತಿದ್ದಾನೆ, ಅದನ್ನು ಪ್ರತಿ ವಿಶ್ವಾಸಿಯ ಖಾಸಗಿ ಬದುಕಿಗೆ ಅನ್ವಯಿಸುವಾಗ ಎಚ್ಚರ ಬೇಕು ಎಂದು ಬೋಧಕರು ತಡೆದು ಹೇಳುವುದು ಅವರ ಓದಿನ ಆಳವನ್ನು ತೋರಿಸುತ್ತದೆ. ಎಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ಕಾಣಿಸಿಕೊಳ್ಳಬೇಕೆಂಬ ಎರಡನೆಯ ಪತ್ರಿಕೆಯ 5:10ನ್ನೂ ಇದರೊಡನೆ ಓದಿಸುತ್ತಾರೆ.

ಏಳನೆಯ ಮತ್ತು ಎಂಟನೆಯ ಪಾಠಗಳಲ್ಲಿ ಈ ಎಚ್ಚರ ಸಡಿಲಗೊಳ್ಳುತ್ತದೆ. ಜಯಮಾಲೆಗಳ ಕುರಿತ ಈ ಪಾಠಗಳಿಗೆ ಒಂದು ದೊಡ್ಡ ಕೋಷ್ಟಕವನ್ನು ಕೊಡಲಾಗಿದೆ: ದೇಹವನ್ನು ಹತೋಟಿಯಲ್ಲಿಟ್ಟವರಿಗೆ ಬಾಡದ ಜಯಮಾಲೆ, ಆತ್ಮಗಳನ್ನು ಗಳಿಸಿದವರಿಗೆ ಸಂತೋಷದ ಜಯಮಾಲೆ, ಕ್ರಿಸ್ತನ ಬರೋಣವನ್ನು, ಅಂದರೆ ಆತನು ಮರಳಿ ಬರುವುದನ್ನು, ಎದುರುನೋಡುವವರಿಗೆ ನೀತಿಯ ಜಯಮಾಲೆ, ರಕ್ತಸಾಕ್ಷಿಗಳಿಗೆ ಜೀವದ ಜಯಮಾಲೆ, ಸಭಾಪಾಲಕರಿಗೆ ಪ್ರಭಾವದ (ಮಹಿಮೆಯ) ಜಯಮಾಲೆ. ಇಂಥ ಕೋಷ್ಟಕಗಳು ಹಲವು ಸಭೆಗಳಲ್ಲಿ ಬಳಕೆಯಲ್ಲಿವೆ, ನೆನಪಿಡಲು ಸುಲಭವೂ ಹೌದು. ಆದರೆ ವಚನಗಳು ಈ ಮನೆಗಳಲ್ಲಿ ಕೂರುವುದಿಲ್ಲ. ಜೀವದ ಜಯಮಾಲೆಯನ್ನು ಪ್ರಕಟನೆ 2:10 ಸಾಯುವ ತನಕ ನಂಬಿಗಸ್ತರಾಗಿರಬೇಕಾದ ಸ್ಮುರ್ನದ ಸಭೆಗೆ ವಾಗ್ದಾನ ಮಾಡುತ್ತದೆ, ನಿಜ. ಆದರೆ ಯಾಕೋಬ 1:12ರಲ್ಲಿ ಅದೇ ಜಯಮಾಲೆಯು ಕರ್ತನನ್ನು ಪ್ರೀತಿಸುವವರಿಗೆಲ್ಲ ವಾಗ್ದಾನವಾಗಿದೆ. ನೀತಿಯ ಜಯಮಾಲೆಯು ತನಗೆ ಮಾತ್ರವಲ್ಲ, ಕರ್ತನ ಪ್ರತ್ಯಕ್ಷತೆಯನ್ನು ಪ್ರೀತಿಸಿದ ಎಲ್ಲರಿಗೂ ದೊರಕುವುದು ಎಂದು ಪೌಲನು ತಿಮೊಥೆಯನಿಗೆ ಬರೆಯುತ್ತಾನೆ. ಎಲ್ಲರಿಗೂ ಎಂದು ಬರೆದಿರುವುದನ್ನು ಕೆಲವರ ವಿಶೇಷ ಬಹುಮಾನವನ್ನಾಗಿ ಮಾಡುವುದಕ್ಕೆ ಆಧಾರವೆಲ್ಲಿದೆ? ಇನ್ನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 2:19ರಲ್ಲಿ ಪೌಲನು, ನಮ್ಮ ಕರ್ತನ ಬರೋಣದಲ್ಲಿ ನಮ್ಮ ಜಯಮಾಲೆ ಯಾರು, ನೀವೇ ಅಲ್ಲವೇ ಎಂದು ಕೇಳುತ್ತಾನೆ. ಅಲ್ಲಿ ಜಯಮಾಲೆಯೆಂದರೆ ಆ ಜನರೇ. ಅವರ ಸಂಖ್ಯೆಗೆ ತಕ್ಕಂತೆ ಕೊಡುವ ಬೇರೊಂದು ವಸ್ತುವಲ್ಲ. ತಾನು ಸುವಾರ್ತೆ ಸಾರಿದವರನ್ನು ಕರ್ತನ ಸನ್ನಿಧಿಯಲ್ಲಿ ಮತ್ತೆ ಕಾಣುವುದೇ ಅಪೊಸ್ತಲನಿಗೆ ಪ್ರತಿಫಲವಾಗಿ ಸಾಕಾಗಿತ್ತು ಎಂಬ ಈ ಮಾತು ಇಡೀ ವಿಷಯಕ್ಕೆ ಬೆಳಕು ಕೊಡುವಂಥದ್ದು. ಅದನ್ನು ಕೋಷ್ಟಕದ ಎರಡನೆಯ ಸಾಲಿಗೆ ಇಳಿಸಿರುವುದು ನನಗೆ ನಿಜಕ್ಕೂ ನೋವು ತಂದಿತು.

ಇದರ ಪರಿಣಾಮ ಒಂಬತ್ತನೆಯ ಪಾಠದಲ್ಲಿ ಕಾಣುತ್ತದೆ. ರಕ್ಷಣೆಯ ವಿಷಯದಲ್ಲಿ ಲೆಕ್ಕಾಚಾರವನ್ನು ಖಂಡಿತವಾಗಿ ನಿರಾಕರಿಸಿದ ಬೋಧಕರು, ಇಲ್ಲಿ ಇಷ್ಟು ಸೇವೆಗೆ ಇಷ್ಟು ಪದವಿ ಎಂಬ ಲೆಕ್ಕವನ್ನು ಪರಲೋಕದ ವಿಷಯದಲ್ಲಿ ಒಪ್ಪಿಕೊಂಡುಬಿಡುತ್ತಾರೆ. ಲೂಕ 19ರ ಮೊಹರಿಗಳೆಂಬ ಹಣದ ಸಾಮ್ಯ (ದೃಷ್ಟಾಂತಕಥೆ) ಅವರಿಗೆ ಆಧಾರ: ಎಲ್ಲ ಆಳುಗಳಿಗೂ ಒಂದೊಂದೇ ಮೊಹರಿ ಸಿಕ್ಕಿತು, ಹತ್ತು ಸಂಪಾದಿಸಿದವನು ಹತ್ತು ಊರುಗಳ ಮೇಲೆಯೂ ಐದು ಸಂಪಾದಿಸಿದವನು ಐದು ಊರುಗಳ ಮೇಲೆಯೂ ಅಧಿಕಾರ ಪಡೆದರು. ಆದರೆ ಮತ್ತಾಯ 25ರ ತಲಾಂತುಗಳೆಂಬ ದೊಡ್ಡ ಹಣದ ಸಾಮ್ಯದಲ್ಲಿ ಐದು ಪಡೆದು ಐದು ಗಳಿಸಿದವನಿಗೂ ಎರಡು ಪಡೆದು ಎರಡು ಗಳಿಸಿದವನಿಗೂ ಯಜಮಾನನು ಹೇಳುವ ಮಾತು ಒಂದೇ. ಇಬ್ಬರನ್ನೂ ತನ್ನ ಸಂತೋಷಕ್ಕೆ ಸೇರಿಸಿಕೊಳ್ಳುತ್ತಾನೆ. ಈ ಎರಡನ್ನೂ ಒಟ್ಟಿಗೆ ಓದಿಸಬೇಕಿತ್ತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಮತ್ತಾಯ 20ರ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯವು 12 ಪಾಠಗಳಲ್ಲಿ ಒಂದು ಕಡೆಯೂ ಬಾರದಿರುವುದು. ನಾವು ಎಲ್ಲವನ್ನೂ ಬಿಟ್ಟು ನಿನ್ನನ್ನು ಹಿಂಬಾಲಿಸಿದೆವಲ್ಲಾ, ನಮಗೆ ಏನು ದೊರಕುವುದು ಎಂದು ಪೇತ್ರನು 19:27ರಲ್ಲಿ ನೇರವಾಗಿ ಪ್ರತಿಫಲದ ಪ್ರಶ್ನೆಯನ್ನೇ ಕೇಳುತ್ತಾನೆ. ಯೇಸು ಸ್ವಾಮಿ ಮೊದಲು ಹನ್ನೆರಡು ಸಿಂಹಾಸನಗಳನ್ನೂ ನೂರರಷ್ಟನ್ನೂ ವಾಗ್ದಾನ ಮಾಡುತ್ತಾರೆ. ಕೂಡಲೇ, ದಿನವೆಲ್ಲ ಬಿಸಿಲಿನಲ್ಲಿ ದುಡಿದವನಿಗೂ ಸಂಜೆ ಒಂದೇ ತಾಸು ದುಡಿದವನಿಗೂ ಸಮನಾದ ಕೂಲಿ ಕೊಟ್ಟ ಯಜಮಾನನ ಕಥೆಯನ್ನು ಹೇಳುತ್ತಾರೆ. ಪ್ರತಿಫಲ ಖಂಡಿತ ಇದೆ, ಆದರೆ ಅದನ್ನು ಅಳೆಯುವ ಕೋಲು ನಿಮ್ಮ ಕೈಯಲ್ಲಿಲ್ಲ ಎಂಬ ಉತ್ತರವಿದು. ಅಪ್ಪಣೆಯಾದದ್ದನ್ನೆಲ್ಲ ಮಾಡಿದ ಮೇಲೂ ನಾವು ಕೇವಲ ಆಳುಗಳು, ಮಾಡಬೇಕಾದದ್ದನ್ನೇ ಮಾಡಿದ್ದೇವೆ ಎಂದು ಹೇಳಿರಿ ಎಂಬ ಲೂಕ 17:10ರ ಬೋಧನೆಯೂ ಪಾಠಮಾಲೆಯಲ್ಲಿ ಇಲ್ಲ.

ಪರಲೋಕದಲ್ಲಿ ಪ್ರತಿಫಲದ ಅಂತಸ್ತುಗಳಿವೆ ಎಂಬ ಮಾತನ್ನೇ ನಾನು ಅಲ್ಲಗಳೆಯುತ್ತಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೊವಿನಿಯನ್ ಎಂಬ ಸನ್ಯಾಸಿಯು ದೀಕ್ಷಾಸ್ನಾನದ ಒಡಂಬಡಿಕೆಯನ್ನು ಕಾಪಾಡಿಕೊಂಡ ಎಲ್ಲರಿಗೂ ಒಂದೇ ಪ್ರತಿಫಲ ಎಂದು ಬೋಧಿಸಿದಾಗ ಬೈಬಲ್ ವಿದ್ವಾಂಸ ಜೆರೋಮ್ ಅದನ್ನು ಕಟುವಾಗಿ ಖಂಡಿಸಿದರು. 1439ರಲ್ಲಿ ಕಥೋಲಿಕ ಸಭೆಯ ಫ್ಲಾರೆನ್ಸ್ ಮಹಾಸಭೆ, ಪರಿಶುದ್ಧರೆಲ್ಲರೂ ದೇವರನ್ನು ಇರುವಂತೆಯೇ ಕಾಣುವರು, ಆದರೆ ಪುಣ್ಯಫಲದ ಭೇದಕ್ಕೆ ತಕ್ಕಂತೆ ಒಬ್ಬರಿಗಿಂತ ಒಬ್ಬರು ಹೆಚ್ಚು ಪೂರ್ಣವಾಗಿ ಕಾಣುವರು ಎಂದು ತಿಳಿಸಿತು. ಪ್ರೊಟೆಸ್ಟೆಂಟರಲ್ಲೂ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಅಂಥವರು ಇದನ್ನು ಒಪ್ಪಿದರು. ಸಂತೋಷಸಾಗರದಲ್ಲಿ ಅದ್ದಿದ ಪಾತ್ರೆಗಳಲ್ಲಿ ದೊಡ್ಡವೂ ಚಿಕ್ಕವೂ ಇದ್ದರೂ ಪ್ರತಿಯೊಂದೂ ತುಂಬಿಯೇ ಇರುತ್ತದೆ ಎಂಬುದು ಅವರ ವಿವರಣೆ. ಅಸೂಯೆಗೂ ಹೋಲಿಕೆಗೂ ಎಡೆಯಿಲ್ಲದ ಅಂತಸ್ತು ಅದು. ಒಂಬತ್ತನೆಯ ಪಾಠ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಅಂಥ ಚಿತ್ರವಲ್ಲ.

ಸಭಾಚರಿತ್ರೆಯ ಹತ್ತನೆಯ ಪಾಠವನ್ನು ಮತ್ತೆ ಬರೆಯಲೇಬೇಕು. ಕಥೋಲಿಕರು ಕ್ರಿಯೆಗಳಿಂದ ರಕ್ಷಣೆ ಎಂದು ನಂಬುತ್ತಾರೆ ಎಂದು ಅದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಇದು ನ್ಯಾಯವಲ್ಲ. ಸುಧಾರಣಾವಾದಿಗಳಿಗೆ ಉತ್ತರವಾಗಿ ಕಥೋಲಿಕ ಸಭೆ ಸೇರಿಸಿದ ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನವು 1547ರ ಜನವರಿ 13ರಂದು ಹೊರಡಿಸಿದ ನಿರ್ಣಯದ ಮೊದಲನೆಯ ನಿಯಮವೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯನು ಸ್ವಂತ ಕ್ರಿಯೆಗಳಿಂದ ದೇವರ ಮುಂದೆ ನೀತಿವಂತನಾಗಬಲ್ಲನು ಎನ್ನುವವರನ್ನು ಖಂಡಿಸುತ್ತದೆ. ಭಿನ್ನಾಭಿಪ್ರಾಯ ಇರುವುದು ಮುಂದಿನ ಹಂತದಲ್ಲಿ: ನೀತಿವಂತನಾದವನು ಕೃಪೆಯಿಂದ ಮಾಡುವ ಸತ್ಕ್ರಿಯೆಗಳು ಕೃಪೆಯ ವೃದ್ಧಿಗೂ ನಿತ್ಯಜೀವಕ್ಕೂ ನಿಜವಾಗಿ ಅರ್ಹತೆಯಾಗುತ್ತವೆ ಎಂದು 32ನೆಯ ನಿಯಮ ಹೇಳುತ್ತದೆ, ಸುಧಾರಣಾವಾದಿಗಳು ಅದನ್ನು ಒಪ್ಪಲಿಲ್ಲ. ಹಾಗೆಂದು ಅವರು ಪ್ರತಿಫಲವನ್ನು ನಿರಾಕರಿಸಲೂ ಇಲ್ಲ. ಸತ್ಕ್ರಿಯೆಗಳಿಗೆ ಈ ಬದುಕಿನಲ್ಲೂ ಇದರ ನಂತರವೂ ಪ್ರತಿಫಲವಿದೆ, ಪಾಪಕ್ಷಮೆ ಮಾತ್ರ ಅವುಗಳಿಂದ ದೊರೆಯುವುದಿಲ್ಲ ಎಂದು ಲೂಥರ್ ಅವರ ಸಹೋದ್ಯೋಗಿ ಮೆಲಾಂಕ್ತಾನ್ 1531ರಲ್ಲಿ ಲೂಥರನರ ಪರವಾಗಿ ಬರೆದರು. ದೇವರು ನಮ್ಮ ಪುಣ್ಯಫಲಕ್ಕೆ ಕಿರೀಟ ತೊಡಿಸುವಾಗ ತನ್ನ ವರಗಳಿಗೇ ಕಿರೀಟ ತೊಡಿಸುತ್ತಾನೆ ಎಂಬ, ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನರ ವಿಚಾರವನ್ನು ಎರಡೂ ಕಡೆಯವರು ತಮ್ಮದೆಂದೇ ಭಾವಿಸಿದ್ದಾರೆ. ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದ, ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುವ ಬೋಧನೆಯ ಕುರಿತ ಜಂಟಿ ಘೋಷಣೆಗೆ ಪಾಠದಲ್ಲಿ ಒಂದು ವಾಕ್ಯವೂ ಮೀಸಲಾಗಿಲ್ಲ. ದೈವೀಕರಣದ, ಅಂದರೆ ಮನುಷ್ಯನು ಕೃಪೆಯಿಂದ ದೇವರ ಜೀವದಲ್ಲಿ ಪಾಲುಗಾರನಾಗುವ, ದೃಷ್ಟಿಯಿಂದ ರಕ್ಷಣೆಯನ್ನು ಕಾಣುವ ಆರ್ಥೊಡಾಕ್ಸ್ ಸಭೆಗಳ ಹೆಸರೂ ಇಲ್ಲ. ಕೊನೆಯ ಎರಡು ಪಾಠಗಳು ಹಿಂದಿನವುಗಳ ಪುನರಾವರ್ತನೆ. ಅವುಗಳ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ.

ಸೇವೆಯ ಗುಣಮಟ್ಟದ ವಿಷಯಕ್ಕೆ ಬಂದರೆ, ಧ್ವನಿಮುದ್ರಣ ಸ್ಪಷ್ಟವಾಗಿದೆ, ಟಿಪ್ಪಣಿಗಳಲ್ಲಿ ವಚನಸಂಖ್ಯೆಗಳು ಸರಿಯಾಗಿವೆ, ಬೋಧಕರು ಸಂದೇಹಗಳಿಗೆ ಶ್ರದ್ಧೆಯಿಂದ ಉತ್ತರಿಸುತ್ತಾರೆ. ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ಮತ್ತಾಯ 25ರ ಭಾಗದಲ್ಲಿ ತೀರ್ಪು ಕ್ರಿಯೆಗಳ ಮೇಲೆಯೇ ನಿಂತಂತೆ ಕಾಣುತ್ತದಲ್ಲವೇ ಎಂದು ನಾನು ಬರೆದು ಕೇಳಿದ್ದೆ. ಅವರು ವಚನವನ್ನು ಮೆದುಗೊಳಿಸಲು ಹೋಗಲಿಲ್ಲ. ತೀರ್ಪು ಕ್ರಿಯೆಗಳನ್ನು ನೋಡಿಯೇ ಆಗುತ್ತದೆ ಎಂದು ಒಪ್ಪಿ, ಅಲ್ಲಿನ ನೀತಿವಂತರು ನಿನ್ನನ್ನು ಯಾವಾಗ ಹಸಿದವನಾಗಿ ಕಂಡೆವು ಎಂದು ಬೆರಗಾಗುವುದನ್ನು ಗಮನಿಸಿರಿ, ಪ್ರತಿಫಲವನ್ನು ಎಣಿಸಿಕೊಂಡು ಮಾಡಿದವರಿಗೆ ಆ ಬೆರಗು ಬರುತ್ತಿರಲಿಲ್ಲ ಎಂದು ಬರೆದರು. ಈ ಉತ್ತರ ಅವರ ಒಂಬತ್ತನೆಯ ಪಾಠಕ್ಕಿಂತ ಎಷ್ಟೋ ಮೇಲು, ಅದನ್ನು ಆ ಪಾಠಕ್ಕೇ ಸೇರಿಸಬೇಕೆಂದು ಅವರಿಗೆ ಮರುಪತ್ರ ಬರೆದಿದ್ದೇನೆ.

ರಕ್ಷಣೆಯ ಬೋಧನೆಯನ್ನು ಮೊದಲಿನಿಂದ ಕಲಿಯುವವರಿಗೂ ಬೈಬಲ್ ಅಧ್ಯಯನದ ಗುಂಪು ನಡೆಸುವವರಿಗೂ ಮೊದಲ ಆರು ಪಾಠಗಳನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಏಳರಿಂದ ಒಂಬತ್ತರವರೆಗಿನ ಪಾಠಗಳನ್ನು ಕೇಳುವವರು ಮತ್ತಾಯ 19:27ರಿಂದ 20:16ರವರೆಗೆ ಮತ್ತು ಲೂಕ 17:7ರಿಂದ 10ರವರೆಗೆ ಮೊದಲು ಓದಿಕೊಂಡು ಕೂರುವುದು ಒಳ್ಳೆಯದು. ಹತ್ತನೆಯ ಪಾಠವನ್ನು ಕಥೋಲಿಕ ಸ್ನೇಹಿತರೊಬ್ಬರ ಜೊತೆಯಲ್ಲಿ ಕೇಳಿದರೆ ಚರ್ಚೆಗೆ ಉಪಯೋಗವಾದೀತು. ಪ್ರಶ್ನಾವಳಿಗಳಲ್ಲಿ ಪಡೆದ ಅಂಕಗಳಿಗೆ ಅನುಸಾರವಾಗಿ ಕಲಿಯುವವರ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಎಲ್ಲರಿಗೂ ಕಾಣುವಂತೆ ತೋರಿಸುವ ಒಂದು ಪಟ್ಟಿ ಮುಖಪುಟದಲ್ಲಿದೆ. ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿರಿ ಎಂಬ ಮತ್ತಾಯ 6:1ನ್ನು ಐದನೆಯ ಪಾಠದಲ್ಲಿ ಅಷ್ಟು ಚೆನ್ನಾಗಿ ಕಲಿಸುವವರು ಈ ಪಟ್ಟಿಯನ್ನು ತೆಗೆದುಹಾಕಬೇಕೆಂಬುದು ನನ್ನ ವಿನಂತಿ. ಅಲ್ಲಿಯವರೆಗೆ, ಹೆಸರನ್ನು ಮರೆಮಾಡುವ ಆಯ್ಕೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇದೆ. ನೋಂದಾಯಿಸಿಕೊಂಡ ದಿನವೇ ಅದನ್ನು ಆರಿಸಿಕೊಳ್ಳಬಹುದು.