ಹಾಡಿಗೆ ಬಂದ ಸೋಲಾರ್ ದೀಪ: ಎರಡು ಮಳೆಗಾಲ ಕಂಡ ಮೇಲೆ

ನಾನು ಕೊಡಗಿನ ತಿತಿಮತಿ ಕಡೆಯ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ಊರಲ್ಲಿ, ಅಂಗನವಾಡಿ ಟೀಚರ್. ಎರಡು ವರ್ಷದ ಹಿಂದೆ ಇಲ್ಲಿನ ಜೇನುಕುರುಬರ ಮನೆಗಳಿಗೆ ಸೋಲಾರ್ ದೀಪ ಬಂತು. ಒಂದು ಪ್ಯಾನೆಲ್, 12 ವೋಲ್ಟ್ ಬ್ಯಾಟರಿ, ಮೂರು ಎಲ್ಇಡಿ ಬಲ್ಬ್, ಮೊಬೈಲ್ ಚಾರ್ಜಿಗೆ ಒಂದು ಪಾಯಿಂಟ್.

ಮೊದಲು ಸೀಮೆಎಣ್ಣೆ ಬುಡ್ಡಿ ಇತ್ತು. ಬೆಳಿಗ್ಗೆ ಬರುವ ಮಕ್ಕಳ ಮೂಗಿನ ಹೊಳ್ಳೆಯೆಲ್ಲ ಕಪ್ಪು. ಮೊಬೈಲ್ ಚಾರ್ಜಿಗೆ ಪೇಟೆ ಅಂಗಡಿಯಲ್ಲಿ 10 ರೂಪಾಯಿ ಕೊಡಬೇಕಿತ್ತು. ಈಗ ಕಾಫಿ ಕೊಯ್ಲಿಗೆ ಕರೆಯೋಕೆ ಮೇಸ್ತ್ರಿ ಫೋನ್ ಮಾಡಿದರೆ ಹೆಂಗಸರೂ ಸಿಗುತ್ತಾರೆ. ಕೂಲಿ ತಪ್ಪುವುದಿಲ್ಲ. "ಟೀಚರೇ, ಅಂಗಳಕ್ಕೆ ಆನೆ ಬಂದ್ರೆ ಈಗ ಕಾಣ್ತದೆ" ಅಂದರು ಒಬ್ಬ ಅಜ್ಜಿ. ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು.

ಆದರೆ ಜೂನ್‌ನಿಂದ ಆಗಸ್ಟ್ ತನಕ ಬಿಸಿಲೇ ಇಲ್ಲ ಅಲ್ವಾ? ಆಗ ಅಡುಗೆಮನೆಯ ಒಂದು ಬಲ್ಬ್ ಮಾತ್ರ. ಅದೇ ಸಮಯದಲ್ಲಿ ಪಕ್ಕದ ತೋಡು (ಸಣ್ಣ ಹಳ್ಳ) ತುಂಬಿ ಹರಿಯುತ್ತದೆ. ಅಲ್ಲೊಂದು ಸಣ್ಣ ಟರ್ಬೈನ್ (ಹರಿಯುವ ನೀರಿನಿಂದ ಕರೆಂಟ್ ಮಾಡುವ ಯಂತ್ರ) ಇಟ್ಟರೆ ಮಳೆಗಾಲದ ಕತ್ತಲೆ ನೀಗುತ್ತಿತ್ತು.

ಸರ್ವೀಸ್ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಯಾರೂ ಹೇಳಲಿಲ್ಲ. ಒಬ್ಬರು ಬಾವಿ ನೀರು ಹಾಕಿದರು, ಬ್ಯಾಟರಿ ಹೋಯಿತು. ಫೋನ್ ಮಾಡಿ 40 ದಿನ ಕಾದೆವು. ದಿನಗೂಲಿಯವರು ಹೊಸ ಬ್ಯಾಟರಿಗೆ ಒಂದೇ ಸಲ ದುಡ್ಡು ಎಲ್ಲಿಂದ ತರಬೇಕು? ಕೊಯ್ಲಿನ ತಿಂಗಳಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ ಅಂತ ಕಂತು ಮಾಡಬೇಕು. ಹಾಡಿಯ ಹುಡುಗಿಯೊಬ್ಬಳಿಗೆ ರಿಪೇರಿ ಕಲಿಸಬೇಕು.

ದೀಪಕ್ಕೆ ಐದರಲ್ಲಿ ನಾಲ್ಕು, ಸರ್ವೀಸಿಗೆ ಒಂದು.