ಡ್ಯೂರೆಲ್, ಜಿಸಿಬಿಎಸ್: ಭಕ್ತಿಗೂ ಪಿತೂರಿ ನಂಬಿಕೆಗೂ ಗಂಟು ಹಾಕುವ ಮುನ್ನ

ದೇವರನ್ನು ನಂಬುವವರು ಪಿತೂರಿ ಸಿದ್ಧಾಂತಗಳನ್ನೂ ಬೇಗ ನಂಬುತ್ತಾರೆಯೇ? ಈ ಪ್ರಶ್ನೆ ಹಿಡಿದು ಸಮೀಕ್ಷೆಗೆ ಹೊರಟವರು ಹೆಚ್ಚಾಗಿ ಎತ್ತಿಕೊಳ್ಳುವ ಸಾಧನಗಳಲ್ಲಿ ಎರಡು ಇವು. ಶ್ರದ್ಧೆ ಅಳೆಯಲು ಡ್ಯೂಕ್ ವಿಶ್ವವಿದ್ಯಾಲಯದ ಧಾರ್ಮಿಕತೆಯ ಪ್ರಶ್ನಾವಳಿ ಡ್ಯೂರೆಲ್ (DUREL). ಪಿತೂರಿ ನಂಬಿಕೆ ಅಳೆಯಲು ಬ್ರದರ್ಟನ್, ಫ್ರೆಂಚ್ ಮತ್ತು ಪಿಕರಿಂಗ್ 2013ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಜಿಸಿಬಿಎಸ್ (Generic Conspiracist Beliefs Scale). ಎರಡೂ ಮುಕ್ತವಾಗಿ ಸಿಗುವ ಪ್ರಬಂಧಗಳಲ್ಲಿ ಪೂರ್ತಿ ಅಚ್ಚಾಗಿವೆ, ಸೇರಿಸಿದರೂ ಬರೀ 20 ಪ್ರಶ್ನೆ. ಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯ ಸಾಧನಗಳೇ. ಅವನ್ನು ಜೋಡಿಸುವ ರೀತಿಯಲ್ಲಿ ತಪ್ಪಿದರೆ ಮಾತ್ರ ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ, ಆ ಅಪವಾದ ಹೊರಬೇಕಾದವರು ಭಕ್ತರು.

ಡ್ಯೂರೆಲ್‌ನಲ್ಲಿ 5 ಪ್ರಶ್ನೆ. ಧಾರ್ಮಿಕ ಸಭೆಗಳಿಗೆ ಎಷ್ಟು ಸಲ ಹೋಗುತ್ತೀರಿ ಎಂಬುದಕ್ಕೆ 1ರಿಂದ 6 ಅಂಕ. ಒಬ್ಬರೇ ಕೂತು ಮಾಡುವ ಪ್ರಾರ್ಥನೆ, ಧ್ಯಾನಕ್ಕೂ 1ರಿಂದ 6. ಉಳಿದ ಮೂರು ಅಂತರಂಗದ ಶ್ರದ್ಧೆಯವು, ತಲಾ 1ರಿಂದ 5. ಕೂಡಿದರೆ ಗರಿಷ್ಠ 27 ಆಗುತ್ತದೆ, ಆದರೆ ಕೂಡಬಾರದು. ಮೂರು ಭಾಗಗಳನ್ನು ಬೇರೆಬೇರೆಯಾಗಿಯೇ ವಿಶ್ಲೇಷಿಸಿ ಎಂದು ರೂಪಿಸಿದವರೇ ಹೇಳಿದ್ದಾರೆ. ಕಾರಣ ಸರಳ. ಕಾಯಿಲೆ ಬಿದ್ದವರು ಸಭೆಗೆ ಹೋಗುವುದು ನಿಲ್ಲುತ್ತದೆ, ಅದೇ ಹೊತ್ತಿಗೆ ಅವರ ಪ್ರಾರ್ಥನೆ ಹೆಚ್ಚಬಹುದು. ಕೂಡಿದಾಗ ಒಂದು ಇನ್ನೊಂದನ್ನು ನುಂಗಿಬಿಡುತ್ತದೆ. ಮನೆಯಲ್ಲೇ ಪೂಜೆ ಮುಗಿಸುವ ಸಂಪ್ರದಾಯದವರಿಗೆ ಮೊದಲ ಪ್ರಶ್ನೆ ಅನ್ಯಾಯವನ್ನೇ ಮಾಡುತ್ತದೆ. ಅಂಥವರು ಹೆಚ್ಚಿದ್ದರೆ ಬದುಕಿನಲ್ಲಿ ಧರ್ಮ ಎಷ್ಟು ಮುಖ್ಯ ಎಂದು ಅಳೆಯುವ ಹ್ಯೂಬರ್ ಅವರ ಪ್ರಶ್ನಾವಳಿ ಸಿಆರ್‌ಎಸ್‌ನ ಅಂತರ್‌ಧರ್ಮೀಯ ಆವೃತ್ತಿ ಮೇಲು.

ಜಿಸಿಬಿಎಸ್‌ನಲ್ಲಿ 15 ಹೇಳಿಕೆಗಳು, ಮೂರು ಮೂರರಂತೆ ಐದು ಗುಂಪು: ಸರ್ಕಾರದ ದುಷ್ಕೃತ್ಯ, ಜಗತ್ತನ್ನಾಳುವ ಗುಪ್ತಕೂಟ, ಅನ್ಯಗ್ರಹ ಜೀವಿಗಳ ಮುಚ್ಚುಮರೆ, ಜನರ ದೇಹ-ಮನಸ್ಸಿನ ಮೇಲಿನ ಗುಟ್ಟಿನ ಹಾನಿ, ಮಾಹಿತಿಯ ನಿಯಂತ್ರಣ. ಪ್ರತಿಯೊಂದಕ್ಕೂ 1ರಿಂದ 5. 15ರ ಸರಾಸರಿಯೇ ಅಂಕ. ಒಂದು ದೇಶದ ಒಂದು ಘಟನೆಗೆ ಕಟ್ಟುಬೀಳದ ಹೇಳಿಕೆಗಳಾದ್ದರಿಂದ ಎಲ್ಲಿ ಬೇಕಾದರೂ ಬಳಸಬಹುದು. ಇದರ ದೊಡ್ಡ ಗುಣ ಇದೇ.

ಈಗ ಮುಖ್ಯ ದೋಷಕ್ಕೆ ಬರೋಣ. ಜಿಸಿಬಿಎಸ್‌ನ ಹದಿನೈದೂ ಹೇಳಿಕೆಗಳಿಗೆ, ಡ್ಯೂರೆಲ್‌ನ ಕೊನೆಯ ಮೂರಕ್ಕೆ, ‘ನಿಜ’ ಅಂದಷ್ಟೂ ಅಂಕ ಏರುತ್ತದೆ. ಏನು ಕೇಳಿದರೂ ಹೌದೆನ್ನುವ ಸ್ವಭಾವದವರು ಎಲ್ಲ ಸಮೀಕ್ಷೆಗಳಲ್ಲೂ ಇರುತ್ತಾರೆ. ಅಂಥ ಒಬ್ಬರು ಸಾಲಾಗಿ 4 ಗುರುತು ಹಾಕುತ್ತಾ ಹೋದರೆ ಅಂತರಂಗ ಶ್ರದ್ಧೆ 15ಕ್ಕೆ 12, ಪಿತೂರಿ ಸರಾಸರಿ 4. ಎಲ್ಲಕ್ಕೂ 2 ಹಾಕಿದವರಿಗೆ ಕ್ರಮವಾಗಿ 6 ಮತ್ತು 2. ಇಬ್ಬರೂ ಪ್ರಶ್ನೆಯನ್ನು ಸರಿಯಾಗಿ ಓದಿಯೇ ಇಲ್ಲ, ಆದರೂ ಲೆಕ್ಕದಲ್ಲಿ ಭಕ್ತಿ ಏರಿದಂತೆ ಪಿತೂರಿ ನಂಬಿಕೆಯೂ ಏರಿತು! ಈ ವಿಷಯದಲ್ಲಿ ಹುಡುಕುವ ನಂಟೇ ಪುಟ್ಟದು, ಸಹಸಂಬಂಧ (ನಂಟಿನ ಅಳತೆ: 0 ಅಂದರೆ ನಂಟಿಲ್ಲ, 1 ಅಂದರೆ ಪೂರ್ತಿ ನಂಟು) 0.15 ಬಂದರೆ ಅದು ವಿವರಿಸುವುದು ಜನರ ಅಂಕಗಳ ನಡುವಿನ ವ್ಯತ್ಯಾಸದ ಶೇ. 2.25ರಷ್ಟನ್ನು ಮಾತ್ರ. ಅಷ್ಟನ್ನು ಈ ಹೌದಪ್ಪಗಳ ಗುಂಪೊಂದೇ ತಂದುಕೊಡಬಲ್ಲದು.

ಕೆಲವು ಹೇಳಿಕೆಗಳನ್ನು ತಿರುಗಿಸಿ ನಕಾರ ಮಾಡಿದರೆ ಸರಿಹೋಗುತ್ತದೆ ಅನ್ನಿಸಬಹುದು. ಮಾಡಬೇಡಿ. ‘ಮುಚ್ಚಿಟ್ಟಿಲ್ಲ’ ಎಂಬ ಹೇಳಿಕೆಗೆ ‘ನಿಜವಲ್ಲ’ ಎಂದು ಉತ್ತರಿಸಬೇಕಾದಾಗ ಓದುಗ ಎಡವುತ್ತಾನೆ. ಅದರ ಬದಲು ವಿಷಯಕ್ಕೆ ಸಂಬಂಧವಿಲ್ಲದ, ಪರಸ್ಪರ ವಿರುದ್ಧವಾದ ಐದಾರು ಜೋಡಿ ಹೇಳಿಕೆ ಸೇರಿಸಿ: ‘ಗುಂಪಿನಲ್ಲಿರುವುದು ಇಷ್ಟ’, ‘ಒಂಟಿಯಾಗಿರುವುದು ಇಷ್ಟ’. ಎಷ್ಟು ಜೋಡಿಗಳಲ್ಲಿ ಎರಡಕ್ಕೂ ಹೌದೆಂದರು ಎಂಬ ಅಂಕವನ್ನು ವಿಶ್ಲೇಷಣೆಯಲ್ಲಿ ನಿಯಂತ್ರಕವಾಗಿ ಸೇರಿಸಿ, ಅಂದರೆ ಅದರ ಪ್ರಭಾವ ಕಳೆದು ನಂಟು ನೋಡಿ. ಇನ್ನೂ ಸುಲಭದ ದಾರಿ ಜಿಸಿಬಿಎಸ್ ಬದಲು ಬ್ರೂಡರ್ ಮತ್ತು ಸಂಗಡಿಗರ ಪಿತೂರಿ ಮನೋಭಾವದ ಪ್ರಶ್ನಾವಳಿ ಸಿಎಂಕ್ಯೂ (Conspiracy Mentality Questionnaire). ಅದೂ 2013ರದ್ದೇ, 5 ಹೇಳಿಕೆ, ಉತ್ತರ ಶೇ. 0ಯಿಂದ 100ರವರೆಗೆ 11 ಹಂತ. ಉತ್ತರದ ರೂಪವೇ ಬೇರೆಯಾದ್ದರಿಂದ ಕೈ ಅಭ್ಯಾಸಬಲದಿಂದ ಒಂದೇ ಕಡೆ ಗುರುತು ಹಾಕುವುದು ತಗ್ಗುತ್ತದೆ, ಹೌದೆನ್ನುವ ಚಾಳಿ ಪೂರ್ತಿ ಹೋಗುವುದಿಲ್ಲ.

ಎರಡನೆಯ ದೋಷ ಜಿಸಿಬಿಎಸ್‌ನ ಹೇಳಿಕೆಗಳದ್ದೇ. ವಿಜ್ಞಾನಿಗಳು ಸಾಕ್ಷ್ಯವನ್ನು ತಿರುಚುತ್ತಾರೆ, ಸೃಷ್ಟಿಸುತ್ತಾರೆ ಅಥವಾ ಅದುಮಿಡುತ್ತಾರೆ ಎಂದು ಒಂದೇ ಹೇಳಿಕೆಯಲ್ಲಿ ಮೂರು ಆರೋಪಗಳಿವೆ, ಉತ್ತರ ಯಾವುದಕ್ಕೆ? ಸ್ವಾರ್ಥಕ್ಕಾಗಿ ಬಹಳಷ್ಟು ಮಾಹಿತಿಯನ್ನು ಜನರಿಂದ ಬಚ್ಚಿಡಲಾಗುತ್ತದೆ ಎಂಬ ಕೊನೆಯ ಹೇಳಿಕೆಗೆ ಪತ್ರಿಕೆ ಓದುವ ಯಾರಾದರೂ ಹೌದೆಂದಾರು. ಜನರಿಗೆ ತಿಳಿಯದಂತೆ ಅವರ ಮೇಲೆ ಪ್ರಯೋಗ ನಡೆಯುತ್ತದೆ ಎಂಬುದೂ ಬರೀ ಭ್ರಮೆಯಲ್ಲ: ಅಮೆರಿಕದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ಸರ್ಕಾರಿ ಆರೋಗ್ಯ ಸೇವೆಯೇ ನೋಡುತ್ತಾ ಕೂತಿತ್ತು. ಹಾಗಾಗಿ ಹೆಚ್ಚು ಅಂಕ ಬಂದವರನ್ನು ವಿವೇಕಗೆಟ್ಟವರೆಂದು ಕರೆಯುವ ಅಧಿಕಾರ ಈ ಪ್ರಶ್ನಾವಳಿಗೆ ಇಲ್ಲ.

ಬಳಸುವುದಾದರೆ ಶಿಫಾರಸು ಇಷ್ಟು. ಡ್ಯೂರೆಲ್ ಜೊತೆ ಸಿಎಂಕ್ಯೂ, ಬೇರೆಬೇರೆ ಪುಟಗಳಲ್ಲಿ. ಪಿತೂರಿ ಹೇಳಿಕೆಗಳ ಕ್ರಮ ಪ್ರತಿಯೊಬ್ಬರಿಗೂ ಅದಲುಬದಲು. ಐದು ಗುಂಪುಗಳ ವಿವರ ಬೇಕೇಬೇಕು ಎಂದರೆ ಮಾತ್ರ ಜಿಸಿಬಿಎಸ್. ವಿದ್ಯಾಭ್ಯಾಸ, ರಾಜಕೀಯ ಒಲವು, ಸಂಸ್ಥೆಗಳ ಮೇಲಿನ ವಿಶ್ವಾಸ ಮೂರನ್ನೂ ಕೇಳಿ, ಇಲ್ಲವಾದರೆ ಅವುಗಳ ಪ್ರಭಾವ ಶ್ರದ್ಧೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಇನ್ನು ಜನ ಎಷ್ಟು ಬೇಕು? 0.2ರ ಸಹಸಂಬಂಧವನ್ನು ಶೇ. 80 ಸಾಮರ್ಥ್ಯದಲ್ಲಿ (ನಂಟು ನಿಜವಾಗಿ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ ಶೇ. 80) ಹಿಡಿಯಲು ಸುಮಾರು 195 ಮಂದಿ ಸಾಕು, 0.1 ಹಿಡಿಯಲು ಸುಮಾರು 785. ನೂರು ಜನರನ್ನು ಕೇಳಿ ‘ನಂಟಿಲ್ಲ’ ಎಂದು ಬರೆಯುವುದೂ ‘ನಂಟಿದೆ’ ಎಂದು ಬರೆಯುವಷ್ಟೇ ಅವಸರದ ಮಾತು.